ಪುಷ್ಪಮ್ಮನ ದನಿಗೆ ಬೀಳ್ಕೊಡುಗೆ

ನನ್ನ ಹೆಗಲಿಗೆ ಈಗಷ್ಟೇ ಶಾಲು ಹೊದಿಸಿ, ಅದು ಜಾರಿ ಬಿದ್ದಾಗ ಫೋಟೋದವರ ಮಾತಿಗೆ ಬೇಸರಿಸದೆ ಎರಡನೇ ಸಲವೂ ಹೊದಿಸಿದ ಸಭಾಧ್ಯಕ್ಷರಾದ ಶ್ರೀ ಶೇಷಪ್ಪನವರೇ, 'ಹಗುರ' ಬಳಗವನ್ನು ಕಟ್ಟಿ ಬೆಳೆಸಿದ ಡಾಕ್ಟರ್ ಮೇಧಾ ಅವರೇ, ನನ್ನ ದನಿಯನ್ನು ಫೋನಿನೊಳಕ್ಕೆ ಇಳಿಸಿದ, ಇವತ್ತು ಅದನ್ನು ಯಂತ್ರಕ್ಕೆ ಒಪ್ಪಿಸುತ್ತಿರುವ ಇಂಜಿನಿಯರ್ ಪ್ರಣವ ಅವರೇ, ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ಕೈಗಡಿಯಾರ ನೋಡುತ್ತಿರುವ ನಮ್ಮ ಯಜಮಾನರೇ, ಭದ್ರಾವತಿಯಿಂದ ಬಸ್ಸು ಹಿಡಿದು ಬಂದ ಬಂಧುಗಳೇ, ಹಿಂದಿನ ಕೋಣೆಯಿಂದ ಬರುತ್ತಿರುವ ಪಲಾವಿನ ವಾಸನೆಯನ್ನು ಸಹಿಸಿಕೊಂಡು ಕೂತಿರುವ ಸಮಸ್ತ ಸಭಿಕರೇ,

ಬೀಳ್ಕೊಡುಗೆ ಸಮಾರಂಭಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಯಜಮಾನರು ರಂಗಪ್ಪನವರು ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದಾಗ ಅವರಿಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಗಡಿಯಾರ ಇವತ್ತಿಗೂ ನಮ್ಮ ಮನೆಯಲ್ಲಿ ಅವರಿಗಿಂತ ಹೆಚ್ಚು ಕೆಲಸ ಮಾಡುತ್ತಿದೆ. ಅಂಥ ಸಭೆಗಳಲ್ಲಿ ಮನುಷ್ಯರು ಹೊರಟುಹೋಗುತ್ತಾರೆ, ಅವರ ಜೊತೆಗೆ ಅವರ ದನಿಯೂ ಹೋಗುತ್ತದೆ. ಇವತ್ತಿನದು ಹಾಗಲ್ಲ. ನಾನು ಎಲ್ಲಿಗೂ ಹೋಗುತ್ತಿಲ್ಲ. ಮಲವಗೊಪ್ಪದಲ್ಲಿ ನನ್ನ ಹಿಟ್ಟಿನ ಗಿರಣಿ ಇದ್ದಲ್ಲೇ ಇದೆ. ಹೋಗುತ್ತಿರುವುದು ನನ್ನ ದನಿ ಮಾತ್ರ. ಇಂಥ ಬೀಳ್ಕೊಡುಗೆಯನ್ನು ಶಿವಮೊಗ್ಗದಲ್ಲಿ ಯಾರಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ.

ಹೊಸಬರೂ ಇದ್ದೀರಿ, ಅವರಿಗಾಗಿ ಹೇಳುತ್ತೇನೆ. 'ಹಗುರ' ಎನ್ನುವುದು ಫೋನಿನಲ್ಲಿ ಹಾಕಿಕೊಳ್ಳುವ ಒಂದು ಆ್ಯಪ್. ಮನಸ್ಸಿಗೆ ಹುಷಾರು ತಪ್ಪಿ, ಡಾಕ್ಟರ ಹತ್ತಿರ ಔಷಧ ತೆಗೆದುಕೊಂಡು ಚೇತರಿಸಿಕೊಳ್ಳುತ್ತಿರುವವರು ಮನೆಯಲ್ಲಿದ್ದಾಗ ತಮ್ಮನ್ನು ತಾವೇ ಸ್ವಲ್ಪ ನೋಡಿಕೊಳ್ಳಲಿ ಎಂದು ಡಾಕ್ಟರ್ ಮೇಧಾ ಮಾಡಿಸಿದ್ದು. ಅದು ಬೆಳಗ್ಗೆ ವಿಚಾರಿಸಿಕೊಳ್ಳುತ್ತದೆ. ಮಾತ್ರೆ ನೆನಪಿಸುತ್ತದೆ. ಎದೆ ಡವಡವ ಹೊಡೆದುಕೊಂಡಾಗ ಒಂದು ಗುಂಡಿ ಒತ್ತಿದರೆ ಒಬ್ಬ ಹೆಂಗಸು ಉಸಿರಾಡುವುದನ್ನು ಹೇಳಿಕೊಡುತ್ತಾಳೆ. ಆ ಹೆಂಗಸು ನಾನೇ. ಇನ್ನು ಮೇಲೆ ಅದರಲ್ಲಿ ಯಂತ್ರವೇ ಮಾತಾಡುತ್ತದಂತೆ, ಅದೂ ನನ್ನ ದನಿಯಲ್ಲಿ. ನಾನು ಆಡದ ಮಾತನ್ನೂ ನಾನೇ ಆಡಿದ ಹಾಗೆ ಆಡುತ್ತದಂತೆ. ಅದಕ್ಕೆ ನನ್ನ ಒಪ್ಪಿಗೆ ಬೇಕು. "ವೇದಿಕೆ ಮೇಲೇ ಒಪ್ಪಿಗೆ ಹೇಳ್ಬಿಡಿ ಪುಷ್ಪಮ್ಮ, ಜನ ಚಪ್ಪಾಳೆ ತಟ್ತಾರೆ, ಚೆನ್ನಾಗಿರುತ್ತೆ" ಎಂದು ಅಧ್ಯಕ್ಷರು ಹೇಳಿದ್ದಾರೆ. ಹೇಳೋಣವಂತೆ. ಆದರೆ ಒಪ್ಪಿಗೆ ಕೊಡುವ ಮುಂಚೆ ಹೆಣ್ಣಿನ ಕಡೆಯವರು ನಾಲ್ಕು ಮಾತಾಡುವುದು ನಮ್ಮಲ್ಲಿ ಪದ್ಧತಿ. ನನ್ನ ದನಿಯ ಕಡೆಯವಳು ನಾನೊಬ್ಬಳೇ.

ಇನ್ನೊಂದು ವಿಷಯ. ಅಧ್ಯಕ್ಷರು ನನ್ನನ್ನು ಪರಿಚಯಿಸುವಾಗ 'ಸಂಪೂರ್ಣ ಗುಣಮುಖರಾದ' ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ಒಂದು ಸಲ ಹಿಂದೆ ತಿರುಗಿ ನೋಡಿದೆ. ಆ ಮಾತಿನ ಮೇಲೆ ನನಗೊಂದು ತಕರಾರಿದೆ. ಅದನ್ನು ತೀರಿಸದೆ ನಾನು ಈ ಮೈಕು ಬಿಡುವುದಿಲ್ಲ.

ಮೊದಲನೇ ಸಲ ನನಗೆ ಹುಷಾರು ತಪ್ಪಿದಾಗ ಎಲ್ಲರೂ ಕೇಳಿದ್ದು ಒಂದೇ: "ಯಾಕೆ ಬಂತು?" ಕಾರಣ ಇದ್ದಿದ್ದರೆ ಖಂಡಿತ ಕೊಡುತ್ತಿದ್ದೆ. ಮಗಳು ಲಿಖಿತಾ ಭದ್ರಾವತಿಯಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಳು. ಯಜಮಾನರು ಕುಡಿಯುವವರಲ್ಲ. ಗಿರಣಿ ಚೆನ್ನಾಗಿ ನಡೆಯುತ್ತಿತ್ತು. ಆದರೂ ಒಂದು ದಿನ ರಾಗಿ ಬೀಸುತ್ತಾ ನಿಂತಿದ್ದಾಗ ಕಲ್ಲು ಕಾದು ಹಿಟ್ಟು ಕಮಟು ವಾಸನೆ ಹೊಡೆಯುತ್ತಿದ್ದರೂ ನನಗೆ ಗೊತ್ತಾಗಲಿಲ್ಲ. ಗಿರಾಕಿಗಳೇ ಬಂದು ನಿಲ್ಲಿಸಿದರು. ಅಲ್ಲಿಂದ ಮುಂದೆ ಊಟ ರುಚಿಸಲಿಲ್ಲ, ನಿದ್ದೆ ಬರಲಿಲ್ಲ, ಮಾತು ಬೇಡವಾಯಿತು. ನಾನು ಮಾತು ಬೇಡ ಎಂದಿದ್ದೇ ನಮ್ಮ ಬೀದಿಯಲ್ಲಿ ದೊಡ್ಡ ಸುದ್ದಿ. ನಮ್ಮ ದೊಡ್ಡಪ್ಪ ಚೌಡಯ್ಯನವರು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಇಳಿ ತೆಗೆದರು. ಪಕ್ಕದ ಮನೆಯವರು ಥೈರಾಯ್ಡ್ ಎಂದರು. ಲಿಖಿತಾ ಮಾತ್ರ ಭದ್ರಾವತಿಯಿಂದ ಬಂದು, ಆಟೋ ತಂದು ನಿಲ್ಲಿಸಿ, ನನ್ನನ್ನು ರವೀಂದ್ರನಗರಕ್ಕೆ ಡಾಕ್ಟರ್ ಮೇಧಾ ಅವರ ಹತ್ತಿರ ಕರೆದುಕೊಂಡು ಹೋದಳು. ಅವರು ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಕೂರಿಸಿಕೊಂಡು ನನ್ನ ಮಾತು ಕೇಳಿದರು. ಜೊತೆಗೆ ಫೋನಿಗೆ 'ಹಗುರ' ಹಾಕಿಕೊಟ್ಟರು.

ಇಲ್ಲಿ ಒಂದು ತಮಾಷೆ ನಡೆಯಿತು. ಡಾಕ್ಟರು ಬೇಡವೆಂದರೂ ಹೇಳುತ್ತೇನೆ. ಆಗ ಆ ಆ್ಯಪ್ ಬೆಳಗ್ಗೆ ಎದ್ದ ತಕ್ಷಣ "ಹೇಗಿದ್ದೀರಿ?" ಎಂದು ಕೇಳುತ್ತಿತ್ತು. ಕೆಳಗೆ ಐದು ಮುಖಗಳು. ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ. ನಮ್ಮ ಸ್ಥಿತಿಗೆ ತಕ್ಕ ಮುಖವನ್ನು ಒತ್ತಬೇಕು. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಎಲ್ಲ ರೋಗಿಗಳೂ ಒತ್ತಿದರು. ತಿಂಗಳಾದ ಮೇಲೆ ಪ್ರಣವ ಲೆಕ್ಕ ತೆಗೆದು ನೋಡಿದರೆ ಒಬ್ಬರಿಗೂ ಏನೂ ಆಗಿಲ್ಲ. ಎಲ್ಲರದ್ದೂ ದಿನಾ ನಗುವ ಮುಖ. ಭದ್ರಾವತಿಯ ಹಿರಿಯರೊಬ್ಬರು ನಗುವ ಮುಖ ಒತ್ತಿದ್ದಲ್ಲದೆ ಕೆಳಗೆ ಬರೆಯುವ ಜಾಗದಲ್ಲಿ "ನಾವು ಕ್ಷೇಮ, ತಾವು ಹೇಗಿದ್ದೀರಿ?" ಎಂದು ಬರೆದು, ವಾರವಾದರೂ ಉತ್ತರ ಬರಲಿಲ್ಲವೆಂದು ಬೇಸರ ಮಾಡಿಕೊಂಡಿದ್ದರು. ಪ್ರಣವ ಆ್ಯಪ್ ಕೆಟ್ಟಿದೆ ಎಂದುಕೊಂಡು ಎರಡು ವಾರ ಅದನ್ನು ಬಿಚ್ಚಿ ಕಟ್ಟಿದ್ದೇ ಕಟ್ಟಿದ್ದು.

ಕೆಟ್ಟಿದ್ದು ಆ್ಯಪ್ ಅಲ್ಲ ಸ್ವಾಮಿ. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಚೆನ್ನಾಗಿದ್ದೇವೆ ಎನ್ನಬೇಕು ಎಂದು ನಮಗೆ ಹಾಲು ಕುಡಿಸುವಾಗಲೇ ಕಲಿಸಿದ್ದಾರೆ. ಆಸ್ಪತ್ರೆಯಲ್ಲಿ ಕಾಲಿಗೆ ಕಬ್ಬಿಣ ಕಟ್ಟಿ ಮಲಗಿಸಿದ್ದರೂ ನೋಡಲು ಬಂದವರಿಗೆ "ಆರಾಮು, ನೀವು ಕಾಫಿ ಕುಡಿದ್ರಾ?" ಎನ್ನುವ ಜನ ನಾವು. ನಾನೇನು ಕಡಿಮೆಯೇ? ಗೋಡೆ ಕಡೆ ಮುಖ ಮಾಡಿ ಮಲಗಿದವಳು ಫೋನು ಟಿಣ್ ಎಂದರೆ ಈಚೆ ತಿರುಗಿ, ನಗುವ ಮುಖ ಒತ್ತಿ, ಮತ್ತೆ ಗೋಡೆ ಕಡೆ ತಿರುಗುತ್ತಿದ್ದೆ. ಡಾಕ್ಟರ್ ಮೇಧಾ ನನ್ನನ್ನೇ ಹಿಡಿದು ಕೇಳಿದರು, "ಅಲ್ಲ ಪುಷ್ಪಮ್ಮ, ನನ್ನ ಎದುರಿಗೆ ಅಳ್ತೀರಿ, ಫೋನಿಗೆ ಯಾಕೆ ನಗ್ತೀರಿ?" ನಾನೆಂದೆ, "ಬೆಳಗ್ಗೆ ಬೆಳಗ್ಗೆ ಪಾಪ ಅಷ್ಟು ಮರ್ಯಾದೆಯಿಂದ ವಿಚಾರಿಸ್ಕೊಳ್ಳುತ್ತೆ. ಅದಕ್ಕೆ ಅಳೋ ಮುಖ ತೋರ್ಸೋದು ಚೆನ್ನಾಗಿರುತ್ತಾ ಡಾಕ್ಟ್ರೇ?"

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ ಪ್ರಣವನಿಗೆ ಫೋನು ಮಾಡಿದರು. ಮೂವರೂ ಕೂತು ಆಲೋಚನೆ ಮಾಡಿ ಆ ಪ್ರಶ್ನೆಯನ್ನೇ ತೆಗೆಸಿದರು. ಈಗ ಅದು ಹೇಗಿದ್ದೀರಿ ಎಂದು ಕೇಳುವುದಿಲ್ಲ. "ಎದ್ದು ಹಾಸಿಗೆ ಸುತ್ತಿಟ್ಟಿರಾ? ಇವತ್ತು ಏನು ಅಡುಗೆ? ಬಾಗಿಲ ಆಚೆ ಹೋಗಿದ್ದಿರಾ?" ಎಂದು ಕೇಳುತ್ತದೆ. ಇವಕ್ಕೆ ಮರ್ಯಾದೆಯ ಉತ್ತರ ಯಾರೂ ಕಲಿಸಿಲ್ಲವಾದ್ದರಿಂದ ಜನ ನಿಜ ಹೇಳತೊಡಗಿದರು. ನಗುವ ಮುಖಗಳ ಊರಿನಲ್ಲಿ ಎಷ್ಟೊಂದು ಜನ ಹಾಸಿಗೆ ಸುತ್ತಿಡಲು ಆಗದೆ ಮಲಗಿದ್ದಾರೆ ಎನ್ನುವುದು ಆಗ ಗೊತ್ತಾಯಿತು.

ಇನ್ನು ನನ್ನ ದನಿಯ ಕಥೆ. ಮೊದಲು ಆ ಆ್ಯಪ್‌ನಲ್ಲಿ ಬೆಂಗಳೂರಿನ ಒಬ್ಬ ಹೆಣ್ಣುಮಗಳು ಮಾತಾಡುತ್ತಿದ್ದರು. ಬಹಳ ನಯವಾದ ದನಿ. "ದೀರ್ಘವಾಗಿ ಶ್ವಾಸವನ್ನು ಒಳಗೆ ತೆಗೆದುಕೊಳ್ಳಿ. ನಿಮ್ಮ ಭುಜಗಳನ್ನು ಸಡಿಲಗೊಳಿಸಿ" ಎನ್ನುತ್ತಿದ್ದರು. ನಾನು ಡಾಕ್ಟರಿಗೆ ಹೇಳಿದೆ, "ಆಯಮ್ಮ ಹೇಳೋದು ಚೆನ್ನಾಗೇ ಇದೆ. ಆದ್ರೆ ನಂಗೆ ಗಾಂಧಿ ಬಜಾರ್‌ನಲ್ಲಿ ದೊಡ್ಡ ಸೀರೆ ಅಂಗಡಿಗೆ ಹೋದಂಗಾಗುತ್ತೆ. ಏನೂ ತಗೊಳ್ದೆ ಎದ್ದು ಬರೋಕೆ ನಾಚಿಕೆ." ಅವರು ಕೇಳಿದರು, "ಹಾಗಾದ್ರೆ ನೀವಾಗಿದ್ರೆ ಹೇಗೆ ಹೇಳ್ತಿದ್ರಿ?" ನಾನು ಗಿರಣಿಯಲ್ಲಿ ಮಾತಾಡುವ ಹಾಗೇ ಹೇಳಿದೆ, "ಹೆಗಲು ಇಳಿಸು ಮಾರಾಯ, ಇಲ್ಲಿ ಯಾರೂ ಹೊಡೆಯಲ್ಲ." ಹೇಳಿದ ತಕ್ಷಣ ಡಾಕ್ಟರ ಹೆಗಲು ಇಳಿಯಿತು. ಪಾಪ, ಅವರದ್ದೂ ಬೆಳಗಿನಿಂದ ಕಿವಿಯ ಹತ್ತಿರವೇ ಇತ್ತು.

ಹೀಗೆ ನಾನು ಕಲಾವಿದೆಯಾದೆ. ಪ್ರಣವ ಗಿರಣಿಗೇ ಬಂದು, ಗದ್ದಲ ಕೇಳಬಾರದೆಂದು ರಾಗಿ ಚೀಲಗಳ ನಡುವೆ ನನ್ನನ್ನು ಕೂರಿಸಿ, ತಲೆ ಮೇಲೆ ಕಂಬಳಿ ಹೊದಿಸಿ, ಕೈಗೆ ಮೈಕು ಕೊಟ್ಟ. ಗಿರಣಿ ಓಡುವಾಗ ಮಾತಾಡಿ ಮಾತಾಡಿ ನನ್ನ ಗಂಟಲಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. "ಆಂಟಿ, ಕೇಳೋರು ಪಕ್ಕದಲ್ಲೇ ಕೂತಿದ್ದಾರೆ ಅಂದ್ಕೊಳ್ಳಿ" ಎಂದ. "ಅಂದ್ಕೊಂಡೇ ಹೇಳ್ತಿದೀನಪ್ಪ, ದೂರ ಇದ್ದಿದ್ರೆ ಇನ್ನೂ ಜೋರಾಗಿ ಹೇಳ್ತಿದ್ದೆ" ಎಂದೆ. ಮೆಣಸಿನಕಾಯಿ ಪುಡಿ ಮಾಡಿದ ಮಾರನೇ ದಿನ ಮಾಡಿದ ಪಾಠದಲ್ಲಿ ನಾನು ಹೇಳಿದ ಪ್ರತಿ ಮಾತಿಗೂ ಪ್ರಣವ ಸೀನಿದ್ದಾನೆ. ಇನ್ನೊಂದು ಪಾಠದಲ್ಲಿ, "ಕಣ್ಣು ಮುಚ್ಕೊಂಡು ನಿಮಗೆ ಇಷ್ಟವಾದ ಜಾಗ ನೆನಪು ಮಾಡ್ಕೊಳ್ಳಿ" ಎನ್ನುವಷ್ಟರಲ್ಲಿ ಯಾರೋ "ಪುಷ್ಪಕ್ಕಾ, ನಮ್ ಅಕ್ಕಿ ಆಯ್ತಾ?" ಎಂದು ಕೂಗಿರುವುದು ಸ್ಪಷ್ಟವಾಗಿ ಕೇಳುತ್ತದೆ. ಆ ಅಕ್ಕಿ ಆಯಿತೋ ಇಲ್ಲವೋ ಎಂದು ಕೇಳುಗರು ಇವತ್ತಿಗೂ ನನ್ನನ್ನು ವಿಚಾರಿಸುತ್ತಾರೆ.

ಅಲ್ಲಿ ಹಿಂದಿನ ಸಾಲಿನಲ್ಲಿ ಮುರಳಿ ಕೂತಿದ್ದಾರೆ. ಭದ್ರಾವತಿಯಲ್ಲಿ ವೆಲ್ಡಿಂಗ್ ಕೆಲಸ. ತಮ್ಮ ವಿಷಯ ಹೇಳಲು ಅವರೇ ಅನುಮತಿ ಕೊಟ್ಟಿದ್ದಾರೆ. ಒಂದು ದಿನ ಶಿವಮೊಗ್ಗದ ಬಸ್ಸಿನಲ್ಲಿ ಅವರಿಗೆ ಎದೆ ಡವಡವ ಶುರುವಾಯಿತು. ಗಡಿಬಿಡಿಯಲ್ಲಿ ಫೋನು ತೆಗೆದರು. ಇಯರ್‌ಫೋನು ಸಿಕ್ಕಿಸಿದ್ದೇನೆ ಎಂದುಕೊಂಡು ಗುಂಡಿ ಒತ್ತಿದರು. ಅದು ಸರಿಯಾಗಿ ಕೂತಿರಲಿಲ್ಲ. ಇಡೀ ಬಸ್ಸಿಗೆ ನನ್ನ ದನಿ: "ಹೆಗಲು ಇಳಿಸು ಮಾರಾಯ, ಇಲ್ಲಿ ಯಾರೂ ಹೊಡೆಯಲ್ಲ. ಹಲ್ಲು ಕಚ್ಕೊಂಡಿದೀಯಲ್ಲ, ಬಿಡು. ಮೂಗಲ್ಲಿ ಎಳ್ಕೋ. ಬಾಯಲ್ಲಿ ಬಿಡು, ಬಿಸಿ ಕಾಫಿ ಊದಿದಂಗೆ." ಅವರು ಗಾಬರಿಯಲ್ಲಿ ನಿಲ್ಲಿಸಲು ಹೋಗಿ ಸೌಂಡು ಇನ್ನೂ ಜಾಸ್ತಿ ಮಾಡಿದರು. ತಲೆ ಎತ್ತಿ ನೋಡಿದರೆ ಮುಂದಿನ ಸೀಟಿನ ಅಜ್ಜಿ ಕಣ್ಣು ಮುಚ್ಚಿ ಊದುತ್ತಿದ್ದಾರೆ. ಇಬ್ಬರು ಕಾಲೇಜು ಹುಡುಗಿಯರು ಹೆಗಲು ಇಳಿಸಿದ್ದಾರೆ. ಚಿಲ್ಲರೆಗೆ ಜಗಳವಾಡುತ್ತಿದ್ದ ಕಂಡಕ್ಟರು ಸುಮ್ಮನೆ ಕಂಬ ಹಿಡಿದು ನಿಂತಿದ್ದಾರೆ. ಮಲವಗೊಪ್ಪ ಸ್ಟಾಪಿನಲ್ಲಿ ಇಳಿಯಬೇಕಾದವರು ಯಾರೂ ಇಳಿಯಲಿಲ್ಲ. ಪಾಠ ಮುಗಿದ ಮೇಲೆ ಅಜ್ಜಿ ಕೇಳಿದರಂತೆ, "ಯಾರಪ್ಪ ಅದು, ನಿಮ್ಮಮ್ಮನಾ?"

ನನ್ನ ಮಾತನ್ನು ಬಸ್ಸಿಗೆ ಬಸ್ಸೇ ಕೇಳಿತು. ನಮ್ಮ ಮನೆಯಲ್ಲಿ? ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ, ಉಂಡ ತಟ್ಟೆಯಲ್ಲಿ ಕೈ ತೊಳೆಯಬೇಡಿ ಎಂದು. ರಂಗಪ್ಪನವರ ಕಿವಿಗೆ ಅದು ಬಿದ್ದಿಲ್ಲ. ಕಾರ್ಖಾನೆಯ ಸದ್ದಿಗೆ ಕಿವಿ ಮಂದವಾಗಿದೆ ಎನ್ನುತ್ತಾರೆ. ಆಗಲಿ. ಒಂದು ಸಂಜೆ ನೋಡುತ್ತೇನೆ, ಇದೇ ಯಜಮಾನರು ಜಗಲಿ ಮೇಲೆ ಕಿವಿಗೆ ಇಯರ್‌ಫೋನು ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೂತಿದ್ದಾರೆ. ಕೇಳುತ್ತಿರುವುದು ನನ್ನನ್ನೇ. "ಏನ್ರೀ ಇದು, ನಾನ್ ಹೇಳಿದ್ರೆ ಕೇಳಲ್ಲ, ಅವಳು ಹೇಳಿದ್ರೆ ಕೇಳ್ತೀರಿ?" ಎಂದೆ. ಅವರು ಒಂದು ಕಿವಿಯದು ಮಾತ್ರ ತೆಗೆದು ಹೇಳಿದರು, "ಅವಳು ಒಂದು ಸಲ ಹೇಳಿ ಸುಮ್ನಾಗ್ತಾಳೆ ಮಾರಾಯ್ತಿ."

ನಗಿ, ನಗಿ. ನಮ್ಮ ಯಜಮಾನರು ನಗುತ್ತಿಲ್ಲ ಎನ್ನುವುದನ್ನೂ ಗಮನಿಸಿ. ಮುಂದೆ ನಾನು ಏನು ಹೇಳುತ್ತೇನೆ ಎಂದು ಅವರಿಗೆ ಗೊತ್ತು. ಈ ಸಭೆಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ.

ಈ ವರ್ಷ ಆಷಾಢ ಕಳೆದ ಮೇಲೆ ನನಗೆ ಅದು ಮತ್ತೆ ಬಂತು.

ಡಾಕ್ಟರ್ ಮೇಧಾ ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಹಾಗೆ ನೋಡಬೇಡಿ ಡಾಕ್ಟ್ರೇ, ಇನ್ನೂ ಭಾಷಣ ಮುಗಿದಿಲ್ಲ. ಅಧ್ಯಕ್ಷರೇ, ನೀವು ನೀರು ಕುಡಿಯಿರಿ.

ಹೌದು, ಮತ್ತೆ ಬಂತು. ಮಾತ್ರೆ ನಿಲ್ಲಿಸಿ ವರ್ಷವಾಗಿತ್ತು, ಡಾಕ್ಟರೇ ಹಂತಹಂತವಾಗಿ ನಿಲ್ಲಿಸಿದ್ದರು, ಎಲ್ಲ ಸರಿಯಾಗಿತ್ತು. ಈ ಸಲವೂ ಕಾರಣ ಕೇಳಬೇಡಿ. ಬೆಳಗ್ಗೆ ಎದ್ದರೆ ಮೈಯೆಲ್ಲ ನೆನೆದ ಚೀಲದಂತೆ ಭಾರ. ಗಿರಣಿ ಬಾಗಿಲು ತೆಗೆಯಲಾಗಲಿಲ್ಲ. ಬೆಲ್ಟು ಹರಿದಿದೆ ಎಂದು ಒಂದು ರಟ್ಟಿನ ಮೇಲೆ ಬರೆದು ನೇತುಹಾಕಿಸಿದೆ. ಬೆಲ್ಟಿಗೇನೂ ಆಗಿರಲಿಲ್ಲ. ಬೆಳಗ್ಗೆ ಫೋನು ಕೇಳುತ್ತಿತ್ತು, "ಎದ್ದು ಹಾಸಿಗೆ ಸುತ್ತಿಟ್ರಾ?" ಕೇಳುವವಳು ನಾನು. ಹಾಸಿಗೆಯಲ್ಲೇ ಬಿದ್ದುಕೊಂಡು ಹೌದು ಎಂದು ಒತ್ತುವವಳೂ ನಾನು. ನನಗೆ ನಾನೇ ಮರ್ಯಾದೆ ಕೊಟ್ಟುಕೊಳ್ಳುತ್ತಿದ್ದೆ ಎಂದು ಕಾಣುತ್ತದೆ.

ಯಜಮಾನರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅವರಿಗೆ ಗೊತ್ತಿದ್ದ ಔಷಧಿ ಒಂದೇ. ನನ್ನ ತಲೆದಿಂಬಿನ ಪಕ್ಕ ಫೋನಿಟ್ಟು ಗುಂಡಿ ಒತ್ತಿದರು. "ಎದ್ದೇಳು ಮಾರಾಯ್ತಿ, ಒಂದು ಲೋಟ ನೀರು ಕುಡಿ. ಮಿಕ್ಕಿದ್ದು ಆಮೇಲೆ ನೋಡೋಣ" ಎಂದಳು ಅವಳು. ಎಷ್ಟು ಕೋಪ ಬಂತು ಎಂದರೆ, ಯಾರಿವಳು? ಇವಳಿಗೇನು ಗೊತ್ತು? ಹೊಟ್ಟೆ ತುಂಬಾ ಉಂಡು, ಚೀಲದ ಮೇಲೆ ಕಾಲು ಚಾಚಿ ಕೂತು, ಊರಿಗೆಲ್ಲ ಬುದ್ಧಿ ಹೇಳುವವಳು. ಫೋನನ್ನು ದಿಂಬಿನ ಕೆಳಗೆ ತುರುಕಿದೆ. ದಿಂಬಿನ ಕೆಳಗಿನಿಂದಲೂ ಹೇಳುತ್ತಲೇ ಇದ್ದಳು. ನಮ್ಮ ಯಜಮಾನರು ಇಷ್ಟು ವರ್ಷ ಹೇಗೆ ಸಹಿಸಿಕೊಂಡರು ಎನ್ನುವುದು ಆವತ್ತು ನನಗೆ ಅರ್ಥವಾಯಿತು.

ಹಾಗಾದರೆ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ? ನ್ಯಾಯವಾದ ಪ್ರಶ್ನೆ. ಹೋಗಿದ್ದೆ. ಮೆಟ್ಟಿಲವರೆಗೆ.

ಅಲ್ಲಿಗೆ ಹೋಗಿ ಬಂದವರಿಗೆಲ್ಲ ಆ ಕಟ್ಟಡ ಗೊತ್ತು. ಕೆಳಗೆ ಹಲ್ಲಿನ ಡಾಕ್ಟರು, ಮೇಲೆ ಮನಸ್ಸಿನ ಡಾಕ್ಟರು. ಇಬ್ಬರಿಗೂ ಬಾಗಿಲು ಒಂದೇ. ಪರಿಚಯದವರು ಎದುರಾದರೆ ನಾವೆಲ್ಲ ಏನು ಮಾಡುತ್ತೇವೆ? ಕೆನ್ನೆ ಮೇಲೆ ಕೈ ಇಟ್ಟುಕೊಳ್ಳುತ್ತೇವೆ. ಶಿವಮೊಗ್ಗದಲ್ಲಿ ಇರುವಷ್ಟು ಹಲ್ಲುನೋವು ಬೇರೆ ಯಾವ ಊರಿನಲ್ಲೂ ಇರಲಿಕ್ಕಿಲ್ಲ. ಮೇಲೆ ಹೋಗಿ ಕೂತರೂ ಅಷ್ಟೇ. ಬೆಂಚಿನ ಈ ತುದಿಯಲ್ಲಿ ನಮ್ಮ ಬೀದಿಯವರು, ಆ ತುದಿಯಲ್ಲಿ ನಾವು. ಇಬ್ಬರೂ ಗೋಡೆಯ ಕ್ಯಾಲೆಂಡರನ್ನು ಜನ್ಮದಲ್ಲಿ ಕ್ಯಾಲೆಂಡರು ನೋಡದವರ ಹಾಗೆ ನೋಡುತ್ತೇವೆ.

ಆದರೆ ನನ್ನ ಕಷ್ಟ ಅದಕ್ಕಿಂತ ದೊಡ್ಡದು. ನಿಮ್ಮನ್ನು ಮುಖ ನೋಡಿ ಗುರುತು ಹಿಡಿಯಬೇಕು. ನಾನು ಬಾಯಿ ಬಿಟ್ಟರೆ ಸಾಕು. ಗಾಂಧಿ ಬಜಾರ್‌ನಲ್ಲಿ ಲಂಗದ ಬಟ್ಟೆ ಮೀಟರಿಗೆ ಎಷ್ಟು ಎಂದು ಕೇಳಿದರೆ ಅಂಗಡಿಯವರು ಹೆಗಲು ಇಳಿಸುತ್ತಾರೆ. ಆವತ್ತು ಆ ಬಾಗಿಲಲ್ಲಿ ತಾಯಿ ಮಗಳು ಎದುರಾದರು. ದಾರಿ ಬಿಡಿ ಎಂದೆ, ಅಷ್ಟೇ. ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ಹಗುರದ ಪುಷ್ಪಮ್ಮ ಅಲ್ವಾ? ನಿಮ್ಮ ದನಿ ಕೇಳ್ಕೊಂಡೇ ನಮ್ಮ ಮೋನಿಕಾ ಎದ್ದು ಓಡಾಡೋ ಹಾಗಾಗಿದ್ದು. ನೀವಿಲ್ಲಿಗೇನು ಬಂದ್ರಿ?" ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಪೂರ್ತಿ ವಾಸಿಯಾದವರು ಹೇಗಿರುತ್ತಾರೆ ಎಂದು ನೋಡುವ ನೋಟ ಅದು. ಅವಳ ಎದುರಿಗೆ ನಾನು ಮೇಲೆ ಹೇಗೆ ಹೋಗಲಿ? ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. "ಹಲ್ಲುನೋವಮ್ಮ" ಎಂದೆ.

ಹೇಳಿದ ಮೇಲೆ ಕೆಳಗಿನ ಕೋಣೆಗೇ ಹೋಗಬೇಕಾಯಿತು, ತಾಯಿ ಮಗಳು ಒಳಗಿನವರೆಗೂ ಬಿಟ್ಟು ಹೋದರು. ಹಲ್ಲಿನ ಡಾಕ್ಟರು ಬಹಳ ಹುಡುಕಿದರು. ನೋವು ಸಿಗಲಿಲ್ಲ. ಬಂದಿದ್ದೀರಲ್ಲ ಎಂದು ಹಲ್ಲನ್ನೆಲ್ಲ ಉಜ್ಜಿ ಶುಚಿ ಮಾಡಿ ಕಳಿಸಿದರು. ಮನಸ್ಸು ಇದ್ದ ಹಾಗೇ ಇತ್ತು, ಹಲ್ಲು ಮಾತ್ರ ಪಳಪಳ ಹೊಳೆಯುತ್ತಿತ್ತು. ಮನೆಗೆ ಬಂದಾಗ ಯಜಮಾನರು ಕೇಳಿದರು, "ಡಾಕ್ಟ್ರು ಏನಂದ್ರು?" ನಾನೆಂದೆ, "ಎರಡು ಹೊತ್ತೂ ಉಜ್ಜಬೇಕಂತೆ."

ಆಮೇಲೆ ಮಲಗಿದೆ. ಅವರು ಪಾಪ, ಎಂದಿನಂತೆ ಪಾಠ ಹಾಕಿಟ್ಟು ಕಾಫಿ ಮಾಡಲು ಒಳಗೆ ಹೋದರು. ನಿಲ್ಲಿಸುವಷ್ಟು ಶಕ್ತಿಯೂ ನನಗಿರಲಿಲ್ಲ. ಅವಳು ಮಾತಾಡುತ್ತಾ ಹೋದಳು. ಕೊನೆಯ ಪಾಠ ಅದು, ಸಾಮಾನ್ಯವಾಗಿ ಅಷ್ಟು ದೂರ ಯಾರೂ ಕೇಳುವುದಿಲ್ಲ. ಎಲ್ಲ ಮುಗಿಯಿತು ಎಂದುಕೊಂಡಾಗ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದೇ ದನಿ, ಆದರೆ ಸಣ್ಣದಾಗಿ, ಪಾಠ ಹೇಳುವ ದನಿಯಲ್ಲ: "ಪ್ರಣವ, ನಿಲ್ಸಪ್ಪ ಸ್ವಲ್ಪ. ಇವತ್ತು ನಂಗೇ ಆಗ್ತಿಲ್ಲ." ಚೀಲದ ಮೇಲೆ ಒರಗಿದ ಸದ್ದು. ಒಂದು ಕೆಮ್ಮು. ಉಸಿರು. ಉಸಿರು. ಬಹಳ ಹೊತ್ತಾದ ಮೇಲೆ, "ಹ್ಞೂಂ, ಹಾಕು."

ಆ ತುಣುಕನ್ನು ಕತ್ತರಿಸುವುದನ್ನು 'ಹಗುರ'ದ ಇಂಜಿನಿಯರು ಮರೆತಿದ್ದರು. ಆ ಮರೆವಿಗೆ ನಾನು ಸಾಯುವವರೆಗೂ ಋಣಿ.

ಸಭಿಕರೇ, ಅಷ್ಟು ದಿನ ಅವಳು ಹೇಳಿದ್ದು ಒಂದೂ ನನ್ನೊಳಗೆ ಇಳಿದಿರಲಿಲ್ಲ. ಇದು ಇಳಿಯಿತು. ಓ, ಇವಳಿಗೂ ಆಗಿತ್ತು, ಆದರೂ ಇವಳು ಕೂತಿದ್ದಳು ಎನಿಸಿತು. ಬಿಕ್ಕಿ ಬಿಕ್ಕಿ ಅತ್ತೆ. ವಾರಗಟ್ಟಲೆ ಅಳುವೂ ಬಂದಿರಲಿಲ್ಲ ನನಗೆ. ಕಾಫಿ ತಂದ ಯಜಮಾನರು ಲೋಟ ಹಿಡಿದುಕೊಂಡೇ ಪಕ್ಕ ಕೂತರು. "ನಂಗೆ ಮತ್ತೆ ಬಂದಿದೆ ರೀ" ಎಂದೆ. "ಗೊತ್ತು" ಎಂದರು. "ಹೇಗೆ ಗೊತ್ತಾಯ್ತು?" "ಕೈ ತೊಳೆದ್ರೆ ನೀನು ಬಯ್ತಾನೇ ಇಲ್ಲ. ದಿನಾ ಬೇಕಂತಲೇ ತಟ್ಟೇಲಿ ತೊಳೀತಿದೀನಿ." ಕಿವಿ ಮಂದವಾದ ಮನುಷ್ಯ ಏನೇನು ಕೇಳಿಸಿಕೊಂಡಿರುತ್ತಾನೆ ಎಂದು ಹೇಳಲಾಗುವುದಿಲ್ಲ ನೋಡಿ.

ಆ ತುಣುಕಿನ ಬಗ್ಗೆ ಮೊನ್ನೆ ಮುರಳಿಯವರನ್ನು ಕೇಳಿದೆ, ಸುಮ್ಮನೆ ಗೊತ್ತಿಲ್ಲದವಳ ಹಾಗೆ. ಅವರು ಹೇಳಿದರು, "ಅಕ್ಕ, ನಾನು ಈಗೀಗ ಅದನ್ನೇ ಹಾಕ್ಕೊಳ್ಳೋದು. ಮಿಕ್ಕಿದ್ದೆಲ್ಲ ಬಾಯಿಪಾಠ ಆಗಿದೆ." ಪ್ರಣವನನ್ನು ಕೇಳಿದೆ. ಅವನು ನಾಲಿಗೆ ಕಚ್ಚಿಕೊಂಡ. "ಸಾರಿ ಆಂಟಿ, ಕಟ್ ಮಾಡೋದು ಬಿಟ್ಟುಹೋಗಿದೆ. ಹೊಸದ್ರಲ್ಲಿ ಅಂಥದ್ದೆಲ್ಲ ಇರಲ್ಲ. ಕೆಮ್ಮಿಲ್ಲ, ಸೀನಿಲ್ಲ, ಗಿರಣಿ ಸದ್ದಿಲ್ಲ, ನಿಮ್ಮ ದನಿ ನೀಟಾಗಿ ಬರುತ್ತೆ. ಯಾವತ್ತೂ ಸುಸ್ತಾಗಲ್ಲ."

ಈಗ ಒಪ್ಪಿಗೆಯ ವಿಷಯಕ್ಕೆ ಬರುತ್ತೇನೆ. ಯಾವತ್ತೂ ಸುಸ್ತಾಗದ ಪುಷ್ಪಮ್ಮ. ನಾನು ಎರಡು ದಿನ ಅವಳ ಬಗ್ಗೆ ಆಲೋಚನೆ ಮಾಡಿದೆ. ಕೊಡುವುದಿಲ್ಲ ಎಂದು ಹೇಳುವುದಕ್ಕೇ ಇವತ್ತು ಮನೆಯಿಂದ ಹೊರಟೆ. ಬಸ್ಸಿನಲ್ಲಿ ಮನಸ್ಸು ಬದಲಾಯಿತು. ಕೊಡುತ್ತೇನೆ. ಅಧ್ಯಕ್ಷರೇ, ತಡೆಯಿರಿ, ಚಪ್ಪಾಳೆಗೆ ಇನ್ನೂ ಸಮಯವಿದೆ. ಯಂತ್ರ ನನ್ನ ದನಿಯಲ್ಲಿ ಹೆಗಲು ಇಳಿಸು ಎನ್ನಲಿ. ನೀರು ಕುಡಿ ಎನ್ನಲಿ, ಮಾತ್ರೆ ನುಂಗು ಎನ್ನಲಿ, ಡಾಕ್ಟರ ಹತ್ತಿರ ಹೋಗು ಎಂದು ಬಯ್ಯಲಿ. ಅಷ್ಟು ಕೆಲಸವನ್ನು ಅದು ಹೊತ್ತುಕೊಂಡರೆ ನನಗೂ ಬಿಡುವು. ಆದರೆ ಆ ಕೊನೆಯ ತುಣುಕು ಇದ್ದ ಹಾಗೇ ಇರಬೇಕು, ಕೆಮ್ಮು ಸಮೇತ. "ನಂಗೇ ಆಗ್ತಿಲ್ಲ" ಎನ್ನುವ ಮಾತನ್ನು ಮಾತ್ರ ಯಂತ್ರದ ಬಾಯಿಗೆ ಹಾಕಬೇಡಿ. ಅದಕ್ಕೆ ಆಗದೇ ಹೋಗುವುದು ಎಂದರೆ ಏನೆಂದು ಗೊತ್ತಿಲ್ಲ. ನನಗೆ ಗೊತ್ತಿದೆ, ಇವತ್ತೂ ಗೊತ್ತಿದೆ. ಈ ಮಾತನ್ನು ಕಾಗದದ ಮೇಲೆ ಬರೆಸಿಕೊಂಡೇ ಸಹಿ ಹಾಕುತ್ತೇನೆ.

ಬಿಡುವು ಏಕೆ ಬೇಕು ಎಂದರೆ, ನನಗೆ ಹುಷಾರಿಲ್ಲ. ಊರಿನ ದನಿಯಾಗಿದ್ದವಳಿಗೆ ಹುಷಾರು ತಪ್ಪಲು ಸಂಕೋಚ. ಆ ಸಂಕೋಚದಲ್ಲಿ ಎರಡು ತಿಂಗಳು ಕಳೆದೆ. ಆ ಹುಡುಗಿ ಮೋನಿಕಾ ಈ ಸಭೆಗೆ ಬಂದಿದ್ದರೆ ಅವಳಿಗೆ ಒಂದು ಮಾತು. ನನ್ನ ಹಲ್ಲಿಗೆ ಏನೂ ಆಗಿರಲಿಲ್ಲ ಕಣಮ್ಮ. ನಿನಗೂ ಒಂದು ವೇಳೆ ಇದು ಮತ್ತೆ ಬಂದರೆ ನೀನು ಸೋತೆ ಎಂದಲ್ಲ, ನಿನ್ನಿಂದ ಏನೋ ತಪ್ಪಾಯಿತು ಎಂದೂ ಅಲ್ಲ. ಮತ್ತೆ ಬಂತು ಎಂದಷ್ಟೇ ಅರ್ಥ. ಆಗ ನೀನು ಸೀದಾ ಮೇಲಕ್ಕೆ ಹೋಗು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೀರಿ. ಶಾಲು ಹೊದಿಸಿದವರಿಗೆ, ಹಣ್ಣಿನ ಬುಟ್ಟಿ ಕೊಟ್ಟವರಿಗೆ, ಕುರ್ಚಿ ಜೋಡಿಸಿದವರಿಗೆ, ನನ್ನ ಬೈಗುಳವನ್ನು ಔಷಧಿಯೆಂದು ಕಿವಿಗೆ ಹಾಕಿಕೊಂಡ ನಿಮಗೆಲ್ಲ ನಾನು ಕೃತಜ್ಞಳು. ನಮ್ಮ ಯಜಮಾನರಿಗೆ ಏನು ಹೇಳಬೇಕೋ ಮನೆಯಲ್ಲಿ ಹೇಳುತ್ತೇನೆ, ಒಂದು ಸಲ ಮಾತ್ರ.

ಡಾಕ್ಟ್ರೇ, ನಾಳೆ ಬೆಳಗ್ಗೆ ನಾನು ನಿಮ್ಮಲ್ಲಿಗೆ ಬರುತ್ತಿದ್ದೇನೆ. ಅತಿಥಿಯಾಗಿ ಅಲ್ಲ, ಚೀಟಿ ಮಾಡಿಸಿಕೊಂಡು, ಎಲ್ಲರ ಜೊತೆ ಸರದಿಯಲ್ಲಿ. ಮೊದಲು ಕರೆಯಬೇಡಿ. ಸಭಿಕರೇ, ನಾಳೆ ನಿಮ್ಮಲ್ಲೂ ಕೆಲವರು ಅಲ್ಲಿಗೆ ಬರುವವರಿದ್ದೀರಿ. ಯಾರ್ಯಾರು ಎಂದು ನನಗೆ ಗೊತ್ತು, ಹೆಸರು ಹೇಳುವುದಿಲ್ಲ, ಹೆದರಬೇಡಿ. ನಾನು ಆ ಬೆಂಚಿನ ಮೇಲೆ ಕೂತಿರುತ್ತೇನೆ. ಎದುರಿನ ಗೋಡೆ ನೋಡಬೇಡಿ. ಬಂದು ಪಕ್ಕದಲ್ಲಿ ಕೂರಿ, ಸರಿದು ಜಾಗ ಕೊಡುತ್ತೇನೆ. ನಾಳೆ ನನ್ನಿಂದ ಬುದ್ಧಿಮಾತು ಸಿಗುವುದಿಲ್ಲ, ನನ್ನ ಹತ್ತಿರ ಇರುವುದಿಲ್ಲ. ಸುಮ್ಮನೆ ಕೂತಿರೋಣ.

ನಮಸ್ಕಾರ.